ಟವಲು ಹಾಜರಿತ್ತು

ಕೂತು ಕೇಳುವವರನ್ನು ಕೊಟ್ಟೂರಜ್ಜ ತಣ್ಣಗಿಟ್ಟಿರಲಿ. ನಿಂತು ಕೇಳುವವರಿಗೆ ಬೇಗ ಒಂದು ಜಾಗ ಸಿಗಲಿ. ಯಾಕೆಂದರೆ ಈ ಕಥೆ ಜಾಗದ್ದೇ.

ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ ನಮ್ಮದೊಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಮಾಜಿ ಮೆಂಬರುಗಳು ಇವತ್ತಿಗೂ ಬಂದು ನನ್ನ ಕಟ್ಟೆಯ ಮೇಲೆ ಕೂತು, ಚಹಾ ಕುಡಿಯದೆ ಏಳುವುದಿಲ್ಲ. ಹಳ್ಳಿ ಅನ್ನಲು ದೊಡ್ಡದು, ಪಟ್ಟಣ ಅನ್ನಲು ನಮಗೇ ಸಂಕೋಚ. ಆದರೂ ಸರ್ಕಾರ ಮನಸ್ಸು ಮಾಡಿ ಅದಕ್ಕೊಂದು ಪುರಸಭೆ ಕೊಟ್ಟಿತ್ತು. ಎಂಬತ್ತರ ದಶಕದ ಮಾತು ಇದು.

ನಮ್ಮ ಕಡೆ ಬಸ್ಸು ಹತ್ತುವ ಕ್ರಮ ನಿಮಗೆ ಗೊತ್ತಿರಬೇಕು. ಬಸ್ಸು ನಿಲ್ಲುವುದಕ್ಕೆ ಮೊದಲೇ ಕಿಟಕಿಯೊಳಗಿಂದ ಟವಲು ಹೋಗಿ ಸೀಟಿನ ಮೇಲೆ ಬೀಳುತ್ತದೆ. ಬಿದ್ದ ಮೇಲೆ ಆ ಸೀಟು ಟವಲಿನ ಯಜಮಾನನದು. ಅವನು ಬೀಡಿ ಸೇದಿ, ಬೀಗರ ಯೋಗಕ್ಷೇಮ ವಿಚಾರಿಸಿ, ಕಂಡಕ್ಟರು ಸೀಟಿ ಊದಿದ ಮೇಲೆ ನಿಧಾನವಾಗಿ ಬಂದರೂ ಯಾರೂ ಆ ಟವಲನ್ನು ಸರಿಸುವುದಿಲ್ಲ. ಫೌಜುದಾರರೂ ನಿಂತೇ ಹೋಗುತ್ತಾರೆ. ಇದನ್ನು ಬರೆದಿಟ್ಟವರಿಲ್ಲ, ಮೀರಿದವರೂ ಇಲ್ಲ. ನಮ್ಮಲ್ಲಿ ಧರ್ಮ ಉಳಿದಿದ್ದರೆ ಅದು ಬಸ್ಸಿನಲ್ಲಿ ಉಳಿದಿದೆ.

ಪುರಸಭೆಯ ಸಭಾಂಗಣದ ಕಿಟಕಿಗಳು ದುರ್ದೈವಕ್ಕೆ ರಸ್ತೆಗೇ ಇದ್ದವು. ಸಭೆಯ ದಿನ ಬೆಳಿಗ್ಗೆ ಮೆಂಬರುಗಳು ಆ ದಾರಿಯಲ್ಲಿ ಹೋಗುತ್ತ ಒಳಗಿನ ಕುರ್ಚಿಗೊಂದು ಟವಲು ಎಸೆದು, ಹೊಲಕ್ಕೆ ಹೋಗುವವರು ಹೊಲಕ್ಕೆ, ಗಿರಣಿಗೆ ಹೋಗುವವರು ಗಿರಣಿಗೆ ಹೋಗುತ್ತಿದ್ದರು. ಜವಾನ ಹುಲುಗಪ್ಪ ಅಂಚು ನೋಡಿಯೇ ಇದು ಯಾರ ಟವಲು ಎಂದು ಹೇಳುವನು. ಹಾಜರಿ ಬೀಳುವುದು. ಸಹಿಯನ್ನು ಅವನು ಆಮೇಲೆ ಅವರವರ ಅಂಗಡಿಗೇ ಹೋಗಿ ಹಾಕಿಸಿಕೊಂಡು ಬರುವನು. ಅರ್ಧಕ್ಕಿಂತ ಹೆಚ್ಚು ಸದಸ್ಯರಿದ್ದರೆ ಅದು ಸಭೆ, ಇಲ್ಲದಿದ್ದರೆ ಬರೀ ಹರಟೆ. ಈ ಅರ್ಧಕ್ಕೆ ಕೋರಂ ಎಂದು ಹೆಸರು. ನಮ್ಮ ಪುರಸಭೆಯಲ್ಲಿ ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹಾಕಿದ್ದು ಒಮ್ಮೆಯೂ ಇಲ್ಲ.

ಹೊಳಲಿನಲ್ಲಿ ಅನಂತಶಯನಸ್ವಾಮಿ ಮಲಗಿಕೊಂಡೇ ಮೂರು ಲೋಕ ನಡೆಸುತ್ತಾನೆ. ನಮ್ಮ ಮೆಂಬರುಗಳು ಟವಲು ಮಲಗಿಸಿ ಒಂದು ಊರು ನಡೆಸುತ್ತಿದ್ದರು. ಅದರಲ್ಲಿ ತಪ್ಪು ಹುಡುಕುವುದು ನನ್ನಂಥವನ ಕೆಲಸವಲ್ಲ.

ಆ ಕೆಲಸಕ್ಕೆ ನಾಗೇಂದ್ರಪ್ಪ ಎಂಬ ಹೊಸ ಚೀಫ್ ಆಫೀಸರು ವರ್ಗವಾಗಿ ಬಂದರು. ಕಾಗದ ಕಂಡರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಬಂದ ಮೊದಲ ಸಭೆಯಲ್ಲೇ ತಲೆ ತಗ್ಗಿಸಿ ಬರೆದುಕೊಳ್ಳುತ್ತ ಹೇಳಿದರು:

"ಸಭೆ ನಡೆಸುವ ಕ್ರಮ, ಸದಸ್ಯರ ನಡತೆ, ಇವುಗಳ ನಿಯಮ ಮದ್ರಾಸ್ ಸರ್ಕಾರದ ಕಾಲದವು. ತಿದ್ದಿ ಹೊಸದಾಗಿ ಬರೆಯಬೇಕೂಂತ ಮೇಲಿನಿಂದ ಆದೇಶ ಬಂದಿದೆ. ಗೆದ್ದಲು ಈಗಾಗಲೇ ಅರ್ಧ ತಿದ್ದಿದೆ. ಉಳಿದರ್ಧಕ್ಕೆ ಸದಸ್ಯರೊಬ್ಬರು ಬೇಕು."

ದರ್ಜಿ ಮಂಜಣ್ಣ ತಲೆಯೆತ್ತಿ ಮಾಡಿನ ಹಂಚು ನೋಡಿದ. ಸೈಕಲ್ ಶಾಪಿನ ಸುಂಕಪ್ಪ ತನ್ನ ಚಪ್ಪಲಿ ನೋಡಿಕೊಂಡ. ಇನ್ನುಳಿದ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿ, ಅದೂ ಅಪಾಯವೆನ್ನಿಸಿ ಕಣ್ಣು ಮುಚ್ಚಿದರು. ಶೇಂಗಾ ಗಿರಣಿಯ ಯಜಮಾನರೂ ಪುರಸಭೆಯ ಅಧ್ಯಕ್ಷರೂ ಆದ ಗುರುಸಂಗಪ್ಪನವರು ಸುತ್ತ ಕಣ್ಣಾಡಿಸಿದಾಗ, ಅವರ ದೃಷ್ಟಿ ತಪ್ಪಿಸದೆ ಎದುರಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದು ಒಂದೇ: ಹಸಿರಂಚಿನ ಬಿಳಿ ಟವಲು.

"ಪಾಲಾಕ್ಷಪ್ಪನ್ನ ಮಾಡೂನ್ರಿ," ಎಂದರು ಅಧ್ಯಕ್ಷರು. "ಏನಪ ಪಾಲಾಕ್ಷಪ್ಪ, ಏನರ ತಕರಾರು ಐತೇನು?"

ಟವಲು ತಕರಾರು ಮಾಡಲಿಲ್ಲ.

'ಶ್ರೀ ಪಾಲಾಕ್ಷಪ್ಪನವರು ಮೌನವಾಗಿ ಸಮ್ಮತಿಸಿದರು' ಎಂದು ನಾಗೇಂದ್ರಪ್ಪ ಬರೆದರು. ಬರೆದು, ಇಂಥ ಭಾರ ಹೊತ್ತವರಿಗೆ ಒಂದು ನಮಸ್ಕಾರವಾದರೂ ಮಾಡಬೇಕೆಂದು ಕೈ ಜೋಡಿಸಿ ತಲೆ ಎತ್ತಿದರು. ಹುಲುಗಪ್ಪ ಕುರ್ಚಿ ತೋರಿಸಿದ. ಅಷ್ಟರಲ್ಲಿ ನಮಸ್ಕಾರ ಆಗಿಹೋಗಿತ್ತು. ಮಾಡಿದ ನಮಸ್ಕಾರವನ್ನು ಹಿಂದೆ ತೆಗೆದುಕೊಳ್ಳುವುದು ಯಾವ ನಿಯಮದಲ್ಲೂ ಇಲ್ಲದ್ದರಿಂದ, ಅವರು ಬರೆದದ್ದನ್ನೂ ಹಾಗೆಯೇ ಬಿಟ್ಟು, ಉಳಿದ ಕುರ್ಚಿಗಳ ಟವಲುಗಳನ್ನು ಎಣಿಸತೊಡಗಿದರು.

ಟವಲಿನ ಒಡೆಯ ಪಾಲಾಕ್ಷಪ್ಪ ಆ ಹೊತ್ತಿಗೆ ಮಾಗಳದಲ್ಲಿ ತಂಗಿಯ ಮಗುವಿನ ತೊಟ್ಟಿಲು ಕಾರ್ಯದ ಊಟಕ್ಕೆ ಕೂತಿದ್ದ. ಅವನದು ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಕೈಗೆ ಊರಿನಲ್ಲಿ ಒಳ್ಳೆಯ ಹೆಸರಿತ್ತು. ಅದೇ ಹೆಸರಿನ ಮೇಲೆ ಮೇಗಳ ಓಣಿಯವರು ಅವನನ್ನು ಮೆಂಬರು ಮಾಡಿದ್ದರು. ಅವನು ಆಡಿದ ಮಾತೂ ಒಂದೇ: "ಓಣಿಗೆ ನಲ್ಲಿ ತರಿಸ್ತೀನಿ." ಮೇಗಳ ಓಣಿಯ ಹೆಂಗಸರು ನೀರಿಗೆ ದಿಬ್ಬ ಇಳಿದು ಬೋರಿಂಗಿನ ತನಕ ಹೋಗಿ, ತುಂಬಿದ ಕೊಡ ಹೊತ್ತು ಮತ್ತೆ ದಿಬ್ಬ ಏರಬೇಕಾಗಿತ್ತು. ಹಾಗೆ ಏರುವವರಲ್ಲಿ ಅವನ ಮನೆಯಲ್ಲೇ ಇದ್ದ ಅತ್ತೆ ಎರ್ರಮ್ಮನೂ ಒಬ್ಬಳು. ಅವಳ ಮೊಣಕಾಲು ಏರುವಾಗ ಒಂದು ಸದ್ದು ಮಾಡುತ್ತಿತ್ತು. ಆ ಸದ್ದು ಅಳಿಯನ ಕಿವಿಗೆ ಬೈಗುಳದಂತೆ ಕೇಳುತ್ತಿತ್ತು. ಅಂತೂ ನಲ್ಲಿಯ ಠರಾವು ಪಾಸಾಗಿ, ಪೈಪುಗಳು ಬಂದು ಓಣಿಯ ಬಾಯಲ್ಲಿ ಬಿದ್ದಿದ್ದವು. ನೆಲದೊಳಗೆ ಹೂಳುವುದಷ್ಟೇ ಬಾಕಿ.

ಮಾಗಳದಿಂದ ಬಂದ ಪಾಲಾಕ್ಷಪ್ಪ ಬಸ್ಸಿಳಿದಾಗ ಚಹಾದಂಗಡಿಯ ಮುಂದೆ ಮಂಜಣ್ಣ ಎದ್ದು ನಿಂತ. ಚಿಕ್ಕಂದಿನ ಗೆಳೆಯ ಎಂದೂ ಎದ್ದು ನಿಂತವನಲ್ಲ.

"ಬರ್ರಿ ಬರ್ರಿ, ಕಾಯ್ದೆ ಪಂಡಿತ್ರು ಬರ್ರಿ."

"ಯಾವ ಕಾಯ್ದೆ ಲೇ?"

"ಊರ ಮುನಸಿಪಾಲ್ಟಿಗೆ ನಿಯಮ ಬರಿಯೋದು ನಿನ್ನ ಪಾಲಿಗೆ ಬಂದೈತಿ. ಇಡೀ ಸಭಾ ನಿನ್ನ ಹೆಸರಿಗೆ ಒಪ್ಪಿಗಿ ಕೊಡ್ತು. ಸಾಹೇಬ್ರು ಕೈ ಮುಗುದ್ರು ನಿನಗ."

ಇಲ್ಲಿ ಪಾಲಾಕ್ಷಪ್ಪ 'ನನಗೆ ಗೊತ್ತಿಲ್ಲಪ್ಪ, ಬಿಡಿಸಿ' ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ನೀವೂ ನಾನೂ ಸುಖವಾಗಿರುತ್ತಿದ್ದೆವು. ಆದರೆ ಚಹಾದಂಗಡಿಯ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಇದ್ದರು. ಅವನು ಗಂಟಲು ಸರಿಮಾಡಿಕೊಂಡ.

"ನನಗ ಮೊದಲ ಗೊತ್ತಿತ್ತು ಬಿಡು. ಅದಕ್ಕ ಟವಲು ಬಿಟ್ಟು ಹೋಗಿದ್ದೆ."

ಮರುದಿನದಿಂದ ಅವನ ಅಂಗಿಯ ಜೇಬಿನಲ್ಲಿ ಪೆನ್ನು ಬಂತು. ಭಟ್ಟಿಯ ಒಲೆಯ ಪಕ್ಕದಲ್ಲಿ ದಾರ ಕಟ್ಟಿದ ಫೈಲು ಬಂತು. ಮಂಡಕ್ಕಿಗೆ ಬಂದವರೆಲ್ಲ ಒಂದೊಂದು ನಿಯಮ ಹೇಳಿ ಹೋಗತೊಡಗಿದರು; ಕೆಲವರು ನಿಯಮ ಮಾತ್ರ ಹೇಳಿ, ಮಂಡಕ್ಕಿ ಮರೆತು ಹೋದರು. ಪಾಲಾಕ್ಷಪ್ಪ ಎಲ್ಲವನ್ನೂ ಬರೆದುಕೊಂಡ. ಎಲೆ ಅಡಿಕೆ ಹಾಕಿದ ಸದಸ್ಯರು ಕಿಟಕಿಯಿಂದ ಉಗುಳಬಾರದು. ಉಗುಳಲೇಬೇಕಾದರೆ ಹೊರಗೆ ಯಾರಿದ್ದಾರೆಂದು ನೋಡಬೇಕು. ಸಭೆಯಲ್ಲಿ ಗೊರಕೆ ಹೊಡೆದರೆ ಅದನ್ನು ವಿರೋಧವೆಂದು ಎಣಿಸಬಾರದು. ತಂದೆ ತಾತಂದಿರ ಹೆಸರೆತ್ತಿ ಬೈಯಬಾರದು. ಬೈದರೆ ಸಭೆಯ ನಡವಳಿ ಪುಸ್ತಕದಲ್ಲಿ ಬರೆಯಬಾರದು. ಕ್ರಿಕೆಟ್ಟಿನ ಟ್ರಾನ್ಸಿಸ್ಟರು ತರಬಾರದು; ತಂದರೆ ಎಲ್ಲರಿಗೂ ಕೇಳಿಸುವಂತೆ ಹಚ್ಚಬೇಕು. ಮಾತಾಡುವವರು ಎದ್ದು ನಿಂತೇ ಮಾತಾಡಬೇಕು. ಕೂತಲ್ಲಿಂದ ಆಡಿದ ಮಾತು ಮಾತಲ್ಲ.

"ಈ ಕಡೀದು ಭಾಳ ಗತ್ತಿಂದು ಐತಿ," ಎಂದು ಹೆಂಡತಿ ಪಂಪಮ್ಮನಿಗೆ ಓದಿ ಹೇಳಿದ.

"ಮನಿಯೊಳಗೂ ಹಚ್ರಿ ಅದನ್ನ," ಎಂದಳು ಪಂಪಮ್ಮ. "ನೀವು ಕೂತಲ್ಲಿಂದ ಚಾ ಕೇಳೋದು ನಿಲ್ತೈತಿ."

ಹೀಗೆ ಕೆಲಸ ಸುಖವಾಗಿ ಸಾಗುತ್ತಿದ್ದಾಗ ಒಂದು ಮಧ್ಯಾಹ್ನ ನಾಗೇಂದ್ರಪ್ಪನವರೇ ಭಟ್ಟಿಗೆ ಬಂದರು. ಕೊಟ್ಟ ಮಂಡಕ್ಕಿಯನ್ನು ಮುಟ್ಟಲಿಲ್ಲ.

"ಪಾಲಾಕ್ಷಪ್ಪನವರೇ, ಮೊದಲನೇ ನಿಯಮ ನಾನು ಹೇಳ್ತೀನಿ, ಬರ್ಕೊಳ್ಳಿ. ಸದಸ್ಯರು ಸ್ವತಃ ಬಂದು ಕುರ್ಚಿಯಲ್ಲಿ ಕೂತರೆ ಮಾತ್ರ ಹಾಜರಿ. ಟವಲು, ಛತ್ರಿ, ಚೀಲ, ಇವು ಯಾವುವೂ ಸದಸ್ಯರಲ್ಲ."

"ಆತ್ರಿ."

"ನಾನು ಮೇಲಕ್ಕೆ ಬರೆದಾಗಿದೆ. ಮುಂದಿನ ಸಭೆಯಲ್ಲಿ ಈ ನಿಯಮ ಪಾಸಾಗಲಿಲ್ಲ ಅಂದರೆ ಪುರಸಭೆಯನ್ನೇ ವಿಸರ್ಜನೆ ಮಾಡ್ತಾರೆ. ಸದಸ್ಯರೆಲ್ಲ ಮನೆಗೆ. ಅವರು ಹಿಡಿದಿರೋ ಕೆಲಸಗಳೂ ಅಲ್ಲಿಗೇ ನಿಲ್ತಾವೆ."

ಸಾಹೇಬರು ಹೋದರು. ಪಾಲಾಕ್ಷಪ್ಪ ದುಂಡಾದ ಅಕ್ಷರದಲ್ಲಿ ಬರೆದು, ಅಡಿಯಲ್ಲಿ ಗೆರೆ ಎಳೆದ. ಅಷ್ಟರಲ್ಲಿ ಮಂಡಕ್ಕಿಗೆ ಬಂದು ನಿಂತಿದ್ದ ಸುಂಕಪ್ಪ ಅದನ್ನು ತಲೆಕೆಳಗಾಗಿಯೇ ಓದಿದ. ಸುಂಕಪ್ಪ ಕೆಳಗಲ ಓಣಿಯ ಮೆಂಬರು. ಮೇಗಳ ಓಣಿಗೆ ಬಂದ ಪೈಪು ಕಂಡಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

"ಭಾಳ ಚಲೋ ಬರದಿ ಪಾಲಾಕ್ಷಣ್ಣ," ಎಂದ ಮೆಲ್ಲಗೆ. "ನಿಮ್ಮ ನಲ್ಲಿ ಠರಾವು ಪಾಸಾದ ದಿನ ಸಭಾದಾಗ ಎಷ್ಟು ಮಂದಿ ಇದ್ರು, ನೆನಪೈತೇನು?"

"ನಾನು ಇದ್ದಿದ್ರಲ್ಲೋ ನೆನಪಿರಾಕ. ಅವತ್ತು ಭಟ್ಟಿ ಹಚ್ಚಿದ್ದೆ."

"ಹ್ಞಾಂ. ಆದ್ರ ಠರಾವಿಗೆ ಅನುಮೋದನಿ ಕೊಟ್ಟಾವ ನೀನ."

"ನಾನು ಹೆಂಗ ಕೊಡ್ಲಿ?"

"ಕುರ್ಚಿ ಮ್ಯಾಲೆ ಕೂತು ಕೊಟ್ಟಿ. ಹಸರಂಚು." ಸುಂಕಪ್ಪ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ. "ಅವತ್ತು ಇದ್ದವ್ರು ಅಧ್ಯಕ್ಷರು, ನಾನು, ಹುಲುಗಪ್ಪ. ಹುಲುಗಪ್ಪ ಜವಾನ, ಲೆಕ್ಕಕ್ಕಿಲ್ಲ. ಉಳಿದದ್ದೆಲ್ಲ ಟವಲು. ಟವಲು ಮೆಂಬರಲ್ಲ ಅಂತ ನೀನ ಬರದ್ರ, ಅವತ್ತು ಸಭಾನ ಆಗಿಲ್ಲ. ಸಭಾ ಆಗಿಲ್ಲಂದ್ರ ನಲ್ಲಿ ಇಲ್ಲ. ಪೈಪು ಹೆಂಗೂ ಬಂದಾವಲ್ಲ, ನಮ್ಮ ಓಣಿಗೆ ಇಳಿಸ್ಕಂತೀವಿ. ಇಳಿಜಾರು, ಉರುಳಿಸಿದ್ರ ತಾವ ಬರ್ತಾವು."

ಅವನು ಪೊಟ್ಟಣ ಕಟ್ಟಿಸಿಕೊಂಡು ಹೋದ. ಒಲೆಯ ಮೇಲಿನ ಅಕ್ಕಿ ಅರಳಿ, ಕೆಂಪಾಗಿ, ಕಪ್ಪಾಗಿ, ಹೊಗೆಯಾಯಿತು. ಪಾಲಾಕ್ಷಪ್ಪ ಪೆನ್ನು ಹಿಡಿದೇ ಕೂತಿದ್ದ. ಬರೆದರೆ ನಲ್ಲಿ ಹೋಯಿತು; ಬರೆಯದಿದ್ದರೆ ಪುರಸಭೆ ಹೋಗಿ, ಅದರ ಜೊತೆಗೆ ನಲ್ಲಿಯೂ ಹೋಯಿತು. ನಲ್ಲಿ ಹೋಗದೆ ಇರುವ ದಾರಿ ಆ ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಸುದ್ದಿ ಪಾಲಾಕ್ಷಪ್ಪನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅವನು ಒಳಗೆ ಕಾಲಿಟ್ಟಾಗ ಎರ್ರಮ್ಮ ಖಾಲಿ ಕೊಡ ಮುಂದಿಟ್ಟುಕೊಂಡು ಕೂತಿದ್ದಳು.

"ಅಳಿಯಂದ್ರ, ಒಂದು ಮಾತು ಕೇಳ್ತೀನಿ. ನಲ್ಲಿ ಬರತೈತೋ ಇಲ್ಲೋ?"

"ಬರತೈತಿ ಅತ್ತಿ. ಆದ್ರ ಒಂದು ಕಾಯ್ದೆ ಅಡ್ಡ ಬಂದೈತಿ."

"ಅದನ್ನ ತಂದಾವ್ರು ಯಾರು?"

"ಸರ್ಕಾರ ಅತ್ತಿ."

"ಬರಿಯಾವ್ರು ಯಾರು?"

ಪಾಲಾಕ್ಷಪ್ಪ ಜೇಬಿನ ಪೆನ್ನನ್ನು ಕೈಯಿಂದ ಮುಚ್ಚಿಕೊಂಡ.

"ಕಾಯ್ದೆ ಕುಡಿಯಾಕ ಬರಂಗಿದ್ರ ಬರೀರಿ," ಎಂದು ಎರ್ರಮ್ಮ ಎದ್ದಳು. ಮೊಣಕಾಲು ಸದ್ದು ಮಾಡಿತು.

ಮರುದಿನದಿಂದ ಮೇಗಳ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಭಟ್ಟಿಯ ಮುಂದೆ ಬಂದು ನಿಲ್ಲತೊಡಗಿದರು. ಏನೂ ಕೊಳ್ಳುವುದಿಲ್ಲ, ಏನೂ ಅನ್ನುವುದಿಲ್ಲ. ಸೊಂಟದ ಮೇಲಿನ ಕೊಡವನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿ, ಒಮ್ಮೆ ನೋಡಿ ಹೋಗುವರು. ಬೈದಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತು. ಮಂಡಕ್ಕಿಯಲ್ಲಿ ಮರಳು ಉಳಿಯತೊಡಗಿತು. ಹಲ್ಲಿಗೆ ಹರಳು ಸಿಕ್ಕ ಗಿರಾಕಿಗಳು, "ಮೆಂಬರ್ರು ನಿಯಮ ಬರಿಯಾಕತ್ಯಾರ, ಅಕ್ಕಿ ಜರಡಿ ಹಿಡಿಯಾಕ ಪುರಸೊತ್ತಿಲ್ಲ," ಎಂದು ಉಗುಳಿ ಹೋದರು. ಪೈಪುಗಳ ಮೇಲೆ ಮಾತ್ರ ಹೆಂಗಸರು ಸರದಿಯ ಮೇಲೆ ಕೂತು ಕಾವಲು ಕಾಯುತ್ತಿದ್ದರು, ಇಳಿಜಾರಿನ ಭಯಕ್ಕೆ.

ಪಾಲಾಕ್ಷಪ್ಪ ಗಿರಣಿಗೆ ಓಡಿದ.

"ಅಧ್ಯಕ್ಷರ, ನನ್ನ ಬಿಟ್ಟುಬಿಡ್ರಿ. ಬ್ಯಾರೇದವ್ರಿಗೆ ಕೊಡ್ರಿ ಇದನ್ನ."

ಗುರುಸಂಗಪ್ಪನವರು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡರು. "ನೀ ಒಪ್ಪಿದ್ದು ನಡವಳಿಯೊಳಗ ಐತಲ್ಲಪ."

"ನಾ ಒಪ್ಪಿಲ್ರಿ. ಒಪ್ಪಿದ್ದು ಟವಲು."

"ಹಂಗಾರ ಟವಲಿನ ರಾಜೀನಾಮಿ ಬರಸ್ಕಂಡು ಬಾ. ತಗಂತೀನಿ."

ಮನುಷ್ಯರು ಕೈಬಿಟ್ಟ ಮೇಲೆ ನಮ್ಮ ಕಡೆಯವರು ಹೋಗುವುದು ಕೊಟ್ಟೂರಿಗೆ. ಪಾಲಾಕ್ಷಪ್ಪನೂ ಹೋದ. ಕೊಟ್ಟೂರಜ್ಜನ ಗದ್ದುಗೆಯ ಮುಂದೆ ಟವಲು ಹಾಸಿ ಉದ್ದಂಡ ನಮಸ್ಕಾರ ಮಾಡಿದ. ಪೂಜಾರಿ ಹೂವು ಏರಿಸಿ ಕೇಳಿಕೋ ಅಂದಾಗ, ಬಲಕ್ಕೆ ಬಿದ್ದರೆ ಬರೆಯುತ್ತೇನೆ, ಎಡಕ್ಕೆ ಬಿದ್ದರೆ ಬಿಡುತ್ತೇನೆ ಎಂದು ಬೇಡಿಕೊಂಡ. ಹೂವು ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಬಲಕ್ಕೂ ಹೋಗದೆ, ಎಡಕ್ಕೂ ಹೋಗದೆ, ಮುಂದಕ್ಕೆ ಉರುಳಿ ಹಾಸಿದ ಟವಲಿನ ಮೇಲೆ ಬಿತ್ತು.

"ಇದರ ಅರ್ಥ ಏನ್ರಿ ಸ್ವಾಮೇರ?"

ಪೂಜಾರಿ ಟವಲನ್ನೂ ಅವನನ್ನೂ ನೋಡಿದ. "ಅಜ್ಜ ಅದಕ್ಕ ಕೊಟ್ಟಾನ, ನಿನಗಲ್ಲ," ಎಂದ.

ಅಜ್ಜ ಕೊಟ್ಟದ್ದನ್ನು ಬೇಡವೆನ್ನಲಾದೀತೆ. ಪಾಲಾಕ್ಷಪ್ಪ ಹೂವನ್ನು ಅದೇ ಟವಲಿನ ತುದಿಗೆ ಗಂಟು ಹಾಕಿಕೊಂಡು, ಮೊದಲಿಗಿಂತ ಹೆಚ್ಚು ಗಾಬರಿಯಿಂದ ಊರಿಗೆ ಬಂದ.

ಸಭೆಯ ದಿನ ಬಂತು. ಹೊರಗೆ ಕಿಟಕಿಗಳ ತುಂಬ ಮೇಗಳ ಓಣಿಯ ಹೆಂಗಸರು, ಸೊಂಟಕ್ಕೊಂದು ಕೊಡ. ಒಳಗೆ ಶೇಂಗಾ ಕೀಳುವ ಕಾಲವಾದ್ದರಿಂದ ಎಂದಿನಂತೆ ಟವಲುಗಳು. ಮೈ ಇದ್ದ ಸದಸ್ಯರೆಂದರೆ ಅಧ್ಯಕ್ಷರು, ಸುಂಕಪ್ಪ, ಮತ್ತು ಬೆವರುತ್ತ ಕೂತ ಪಾಲಾಕ್ಷಪ್ಪ. ಬೆವರೊರೆಸಲು ಕೈ ಹೆಗಲಿಗೆ ಹೋಗುವುದು, ಅಲ್ಲಿ ಟವಲಿಲ್ಲದೆ ತಿರುಗಿ ಬರುವುದು; ಅಭ್ಯಾಸಬಲದಿಂದ ಅವನು ಅದನ್ನು ಕುರ್ಚಿಗೆ ಹಾಸಿ ಅದರ ಮೇಲೆ ತಾನೂ ಕೂತಿದ್ದ. ಆ ಒಂದು ಕುರ್ಚಿಯಲ್ಲಿ ಇಬ್ಬರು ಹಾಜರಿದ್ದರು ಎನ್ನಬಹುದು.

ನಾಗೇಂದ್ರಪ್ಪ ಗಡಿಯಾರ ನೋಡಿದರು. "ಕೋರಂ ಇಲ್ಲ. ಟವಲು ಎಣಿಸೋ ಹಾಗಿಲ್ಲ."

"ಎಣಿಸೋ ಹಂಗಿಲ್ಲ ಅನ್ನೋ ನಿಯಮ ಇನ್ನೂ ಪಾಸಾಗಿಲ್ಲಲ್ರಿ ಸಾಹೇಬ್ರ," ಎಂದರು ಅಧ್ಯಕ್ಷರು.

"ಸರಿ, ಪಾಸು ಮಾಡಿ."

"ಪಾಸು ಮಾಡಾಕ ಕೋರಂ ಬೇಕು. ಕೋರಂ ಆಗಬೇಕಂದ್ರ ಟವಲು ಎಣಿಸಬೇಕು. ಎಣಿಸಿಬಿಡೂನೇನ್ರಿ?"

ನಾಗೇಂದ್ರಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಟವಲುಗಳು ಮೆಂಬರುಗಳಲ್ಲವೆಂದು ಟವಲುಗಳೇ ಒಪ್ಪಿಕೊಂಡು ಠರಾವು ಮಾಡಬೇಕಾದಂಥ ಸಂದರ್ಭ ಅವರ ಸೇವಾವಧಿಯಲ್ಲಿ ಬಂದಿರಲಿಲ್ಲ.

"ಏನರ ಮಾಡ್ಕಳ್ರಿ," ಎಂದ ಸುಂಕಪ್ಪ. "ಟವಲು ಮೆಂಬರಲ್ಲಂದ್ರ ಮೇಗಳ ಓಣಿ ನಲ್ಲಿ ರದ್ದು ಅಂತ ಬರ್ಕಳ್ರಿ ಸಾಹೇಬ್ರ. ಅಷ್ಟ ನನ್ನ ಅರಿಕಿ."

"ಹೌದು, ಆ ಲೆಕ್ಕದಲ್ಲಿ ಅದು ರದ್ದಾಗುತ್ತೆ," ಎಂದರು ನಾಗೇಂದ್ರಪ್ಪ, ಲೆಕ್ಕವೊಂದಾದರೂ ಸರಿಯಾಯಿತಲ್ಲ ಎಂಬ ಸಮಾಧಾನದಿಂದ.

ಪಾಲಾಕ್ಷಪ್ಪ ಕಣ್ಣು ಮುಚ್ಚಿದ. ಆಗ ಕಿಟಕಿಯ ಸರಳುಗಳ ನಡುವಿನಿಂದ ಎರ್ರಮ್ಮನ ದನಿ ಬಂತು.

"ಸಾಹೇಬ್ರ, ನೀವು ನಮ್ಮ ಓಣಿಯೊಳಗ ಬಾಡಿಗಿಗೆ ಅದೀರಿ. ನಿಮ್ಮ ಮನಿ ಕೊಡ ಯಾವುದು ಗೊತ್ತೈತೇನ್ರಿ?"

"ಕೊಡನಾ?"

"ನಿಮಗ ಗೊತ್ತಿಲ್ಲ, ಓಣಿಗೆಲ್ಲ ಗೊತ್ತೈತಿ. ಕಂಠ ಸೊಟ್ಟಾಗಿರೋ ಹಿತ್ತಾಳಿ ಕೊಡ. ದಿನಾ ಬೆಳಿಗ್ಗಿ ಬೋರಿಂಗಿನ ಪಾಳಿಯೊಳಗ ಅದು ಒಂದ ನಿಂತಿರತೈತಿ. ನಿಮ್ಮ ಮನಿಯವ್ರು ನಿಮಗ ರೊಟ್ಟಿ ಬಡಿಯಾಕ ಹೋಗಿರ್ತಾರ. ಪಾಳಿ ಬಂದ ಕೂಡ್ಲೆ ನಾವ ಕೂಗಿ ಕರಿತೀವಿ. ಕೊಡ ಹೆಣಮಗಳಲ್ಲ ಅಂತ ಒಂದು ದಿನರ ಅದನ್ನ ಒದ್ದು ಹಿಂದಕ್ಕ ಹಾಕೀವೇನ್ರಿ?"

"ಇಲ್ಲಮ್ಮ."

"ಇವತ್ತು ಮುಂಜಾನಿ ನೀವು ಕುಡುದ ನೀರು ಆ ಕೊಡ ನಿಂತು ತಂದದ್ದು. ಅದನ್ನ ಈಗ ರದ್ದು ಮಾಡ್ರಿ ನೋಡೂನು."

ನಾಗೇಂದ್ರಪ್ಪನವರ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಎಷ್ಟೆಂದರೂ ಪ್ರಾಮಾಣಿಕ ಮನುಷ್ಯ.

"ಕುಡಿದ ನೀರು ರದ್ದಾಗಲ್ಲ," ಎಂದರು. "ಹಿಂದೆ ಆದದ್ದು ಆಯ್ತು ಅಂತ ಒಂದು ಸಾಲು ಸೇರಿಸಬಹುದು. ಆದರೆ ಸೇರಿಸೋದಕ್ಕೂ ಕೋರಂ ಬೇಕಲ್ಲಮ್ಮ."

"ಅದಕ್ಯಾಕ ಚಿಂತಿ ಮಾಡ್ತೀರಿ. ಕೊಡದ ಪಾಳಿ ಬಂದ್ರ ಕೊಡದವ್ರನ್ನ ಕರಿತಾರ. ಈ ಟವಲಿನವ್ರನ್ನ ಯಾರರ ಕರದಾರೇನು ಇಷ್ಟು ದಿನ?" ಎರ್ರಮ್ಮ ಹುಲುಗಪ್ಪನ ಕಡೆ ತಿರುಗಿದಳು. "ಆ ಟವಲು ಕೊಡಪ ಇತ್ತಾಗ ಒಂದೊಂದ."

ಹುಲುಗಪ್ಪ ಟವಲುಗಳನ್ನು ಎತ್ತಿ, ಇದು ಇಂಥವರದು ಎಂದು ಹೇಳುತ್ತ ಕಿಟಕಿಯಿಂದ ಹೊರಗೆ ಕೊಟ್ಟ. ಬೆಳಿಗ್ಗೆ ಯಾವ ದಾರಿಯಿಂದ ಬಂದಿದ್ದವೋ ಅದೇ ದಾರಿಯಿಂದ ಟವಲುಗಳು ಹೊರಟವು. ಹೆಂಗಸರು ಕೈಗೊಂದು ಟವಲು ಹಿಡಿದು ಊರಿನ ನಾಲ್ಕೂ ದಿಕ್ಕಿಗೆ ಹೋದರು. ಹೊಲದಲ್ಲಿ, ಗಿರಣಿಯಲ್ಲಿ, ಇಸ್ಪೀಟಿನ ಕಟ್ಟೆಯಲ್ಲಿ ಮೆಂಬರುಗಳು ತಮ್ಮ ಟವಲು ತಮ್ಮೆದುರು ಬಂದು ನಿಂತದ್ದನ್ನು ಕಂಡು ಮೊದಲು ತಮಗೇ ಏನೋ ಆಗಿಹೋಯಿತೆಂದು ಹೆದರಿದರು. "ಪಾಳಿ ಬಂದೈತಿ, ನಡೀರಿ," ಎಂದಷ್ಟೇ ಹೆಂಗಸರು ಹೇಳಿದರು. ಪಾಳಿ ಬಂದಾಗ ಹೋಗದೆ ಇರುವವರು ನಮ್ಮೂರಿನಲ್ಲಿ ಹುಟ್ಟಿಲ್ಲ. ಎಲ್ಲರೂ ಬಂದರು. ಕೈಯಲ್ಲಿ ಶೇಂಗಾ ಬಳ್ಳಿ ಹಿಡಿದವರು ಹಿಡಿದೇ ಬಂದರು. ಎಲ್ಲರಿಗಿಂತ ಕೊನೆಗೆ ಅರ್ಧ ಗಡ್ಡ ಹೆರೆಸಿಕೊಂಡ ಮಂಜಣ್ಣ, ಉಳಿದರ್ಧದ ಸಾಬೂನನ್ನು ತನ್ನ ಟವಲಿನಿಂದ ಒರೆಸಿಕೊಳ್ಳುತ್ತ ಬಂದ.

ಅಷ್ಟು ಹೊತ್ತಿಗೆ ಪಾಲಾಕ್ಷಪ್ಪ ಎದ್ದು ನಿಂತು ಓದತೊಡಗಿದ್ದ. ಏಳುವಾಗ ಅವನಿಗೊಂದು ಧರ್ಮಸೂಕ್ಷ್ಮ ಹೊಳೆಯಿತು: ಟವಲು ಸದಸ್ಯನಲ್ಲ ಎಂದು ಓದುವವನು ತನ್ನ ಟವಲನ್ನೇ ಕುರ್ಚಿಯ ಮೇಲೆ ಬಿಟ್ಟಿರುವುದು ಸರಿಯಲ್ಲ. ಎತ್ತಿ ಹೆಗಲ ಮೇಲೆ ಹಾಕಿಕೊಂಡ. ತುದಿಯಲ್ಲಿ ಅಜ್ಜನ ಹೂವಿನ ಗಂಟಿತ್ತು. ಅದನ್ನೊಮ್ಮೆ ಮುಟ್ಟಿಕೊಂಡು ಓದಿದ.

"ಇವತ್ತಿನಿಂದ ಕುರ್ಚಿಯಲ್ಲಿ ಸ್ವತಃ ಕೂತವರೇ ಹಾಜರು. ಇದಕ್ಕೂ ಮೊದಲು ಟವಲುಗಳು ಮಾಡಿದ ಕೆಲಸಕ್ಕೆ ಯಾವ ಬಾಧಕವೂ ಇಲ್ಲ."

"ಒಪ್ಪಿದವ್ರು ಕೈ ಎತ್ರಿ," ಎಂದರು ಅಧ್ಯಕ್ಷರು. ಆಮೇಲೆ ಸುಂಕಪ್ಪನ ಕಡೆ ಬಾಗಿ, "ಮ್ಯಾಲೆ ಬಂದ ನೀರು ತೆಳಗ ಇಳೀದಂಗ ಇರತೈತೇನಲೇ? ಮುಂದಿನ ಪೈಪು ನಿಮ್ಮ ಓಣಿಗೆ. ಎತ್ತು ಕೈ," ಎಂದರು. ಸುಂಕಪ್ಪ ಕಿಟಕಿಯ ಕಡೆ ನೋಡಿದ. ಅಷ್ಟೊಂದು ಕೊಡಗಳು ಅವನನ್ನೇ ನೋಡುತ್ತಿದ್ದವು. ಎತ್ತಿದ.

ಫೈಲಿನ ಉಳಿದ ನಿಯಮಗಳ ಜೊತೆಗೇ ಅದೂ ಪಾಸಾಯಿತು. ನಲ್ಲಿ ಉಳಿಯಿತು. ಹೊರಗೆ ಯಾರೋ ಕೊಡದ ಬೆನ್ನು ಬಾರಿಸಿದರು. ಪಾಲಾಕ್ಷಪ್ಪ ದೊಡ್ಡದೊಂದು ಉಸಿರು ಬಿಟ್ಟು, ಟವಲಿನಿಂದ ಮುಖ ಒರೆಸಿಕೊಂಡು, ಕೂರಲೆಂದು ಹಿಂದೆ ತಿರುಗಿದ.

ಕುರ್ಚಿಯಲ್ಲಿ ಮಂಜಣ್ಣ ಕೂತಿದ್ದ.

"ಟವಲು ಇದ್ದಿದ್ದಿಲ್ಲೋ ಮಾರಾಯ," ಎಂದ ಮಂಜಣ್ಣ. "ಯಾರದೂ ಅಲ್ಲ ಅನಕಂಡೆ."

ಪಾಲಾಕ್ಷಪ್ಪ ಆ ಗೋಡೆಯಿಂದ ಈ ಗೋಡೆಯ ತನಕ ನೋಡಿದ. ಪುರಸಭೆ ಹುಟ್ಟಿದಂದಿನಿಂದ ಅಲ್ಲಿ ಮೆಂಬರುಗಳಿಗಿಂತ ಒಂದು ಕುರ್ಚಿ ಕಡಿಮೆ ಇತ್ತು. ಎಲ್ಲರೂ ಒಟ್ಟಿಗೆ ಬಂದದ್ದು ಅವತ್ತೇ ಮೊದಲಾದ್ದರಿಂದ ಆ ಸಂಗತಿ ಯಾರಿಗೂ ತಿಳಿದಿರಲಿಲ್ಲ.

ನಾಗೇಂದ್ರಪ್ಪ ಹೊಸ ನಿಯಮದ ಪ್ರಕಾರ ಸ್ವತಃ ಹಾಜರಿ ಕೂಗಿದರು. ಎಲ್ಲ ಹೆಸರೂ ಆಯಿತು.

"ಪಾಲಾಕ್ಷಪ್ಪ."

"ಅದೀನ್ರಿ."

"ಕೂತಿದ್ದೀರಾ?"

"ಇಲ್ರಿ. ನಿಂತೀನಿ."

ಸಾಹೇಬರ ಮುಖದಲ್ಲಿ ನಿಜವಾದ ದುಃಖವಿತ್ತು. "ನೀವೇ ಓದಿದ್ದು," ಎಂದು ಗೈರುಹಾಜರಿ ಹಾಕಿದರು. ಕಿಟಕಿಯಲ್ಲಿ ಪಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಷ್ಟೋ ಸಭೆಗಳಿಗೆ ಬರದೆ ಹಾಜರಿದ್ದವನು, ಬಂದ ದಿನವೇ ಗೈರಾದ.

ಯುಗಾದಿಯೊಳಗೆ ಮೇಗಳ ಓಣಿಗೆ ನಲ್ಲಿ ಬಂತು. ಮೊದಲ ನೀರಿನ ಜೊತೆಗೆ ಪೈಪಿನೊಳಗಿನ ಮಣ್ಣು, ತುಕ್ಕು, ಒಂದೆರಡು ಹುಳವೂ ಬಂದವು. ಎರ್ರಮ್ಮ ಅಳಿಯನ ಹೆಗಲ ಮೇಲಿನ ಟವಲನ್ನು ಕೇಳದೆಯೇ ಎಳೆದುಕೊಂಡು, ಅಜ್ಜನ ಒಣಗಿದ ಹೂವನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಮುಡಿಗಿಟ್ಟು, ಟವಲನ್ನು ನಾಲ್ಕು ಮಡಿಕೆ ಮಾಡಿ ನಲ್ಲಿಯ ಬಾಯಿಗೆ ಕಟ್ಟಿದಳು. ನೀರು ಸೋಸಿ ಬಂತು. ಪಾಳಿಯಲ್ಲಿ ಎಲ್ಲಕ್ಕಿಂತ ಮುಂದೆ ಕಂಠ ಸೊಟ್ಟಾದ ಹಿತ್ತಾಳೆಯ ಕೊಡ ಒಂದೇ ನಿಂತಿತ್ತು. ಯಾರೋ ಸಾಹೇಬರ ಮನೆಯ ಕಡೆಗೆ ಕೂಗಿದರು.

ನಲ್ಲಿ ಬಂದ ಮೇಲಿನ ಸಭೆಗೆ ಪಾಲಾಕ್ಷಪ್ಪ ಎಲ್ಲರಿಗಿಂತ ಮೊದಲು ಹೋಗಿ, ಟವಲಿಲ್ಲದ ಬರಿ ಹೆಗಲಿನಲ್ಲಿ, ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದು ಕೂತ. ಮಂಜಣ್ಣ ಚಹಾಕ್ಕೆ ಕರೆದರೂ ಏಳಲಿಲ್ಲ. ಅವತ್ತು ಊರಿನ ಹಂದಿ ಹಿಡಿಸುವ ಕೆಲಸ ಯಾರು ವಹಿಸಿಕೊಳ್ಳುತ್ತೀರಿ ಎಂಬ ವಿಷಯ ಬಂತು. ಎಲ್ಲರೂ ಮಾಡು ನೋಡಿದರು, ಚಪ್ಪಲಿ ನೋಡಿಕೊಂಡರು. ಅಧ್ಯಕ್ಷರ ದೃಷ್ಟಿ ನೆಟ್ಟಗೆ ಕೂತ ಪಾಲಾಕ್ಷಪ್ಪನ ಮೇಲೆ ಬಂದು ನಿಂತಿತು.

"ಏನಪ ಪಾಲಾಕ್ಷಪ್ಪ, ಏನರ ತಕರಾರು ಐತೇನು?"

ತಕರಾರು ಗಂಟಲ ತನಕ ಬಂತು. ಆದರೆ ಮಾತಾಡಬೇಕೆಂದರೆ ಎದ್ದು ನಿಲ್ಲಬೇಕು. ಅದು ಅವನೇ ಬರೆದ ನಿಯಮ. ಎದ್ದರೆ ಕುರ್ಚಿ ಹೋಗುತ್ತದೆ. ಕುರ್ಚಿ ಸಿಗದೆ ಗೋಡೆಗೊರಗಿ ನಿಂತ ಮೆಂಬರೊಬ್ಬ ಅದನ್ನೇ ನೋಡುತ್ತಿದ್ದ. ಪಾಲಾಕ್ಷಪ್ಪ ಕುರ್ಚಿಯ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ನಾಗೇಂದ್ರಪ್ಪ ತಲೆ ತಗ್ಗಿಸಿ ಬರೆದುಕೊಂಡರು: 'ಶ್ರೀ ಪಾಲಾಕ್ಷಪ್ಪನವರು ಮೌನವಾಗಿ ಸಮ್ಮತಿಸಿದರು.'